ನಿತ್ಯವಾಚನ ಮತ್ತು 'ಅಭ್ಯಾಸ'

ಕನ್ನಡದಲ್ಲಿ 'ಅಭ್ಯಾಸ' ಎಂಬ ಶಬ್ದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. 'ವಿದ್ಯಾಭ್ಯಾಸ', 'ಕಾವ್ಯಾಭ್ಯಾಸ' ಎನ್ನುವಾಗ ಅದು ವ್ಯಾಸಂಗವನ್ನು ಸೂಚಿಸುತ್ತದೆ. 'ಬೆಳಗ್ಗೆ ಎದ್ದೊಡನೆ ಕಾಫಿ ಕುಡಿದು ಅಭ್ಯಾಸ' ಎನ್ನುವಾಗ ರೂಢಿಯನ್ನು ಸೂಚಿಸುತ್ತದೆ. ಮರಳಿ ಮರಳಿ ಮಾಡುವುದು ಎಂಬ ಒಂದೇ ಮೂಲಾರ್ಥದ ಎರಡು ಕವಲುಗಳಿವು. ಓದಿನ ಮಟ್ಟಿಗೆ ಹೇಳುವುದಾದರೆ, ಇಂದಿನ ನಮ್ಮ ಕಾಲೇಜುಗಳಲ್ಲಿ ಮೊದಲನೆಯ ಅರ್ಥದ ಅಭ್ಯಾಸ ಹೇಗೋ ನಡೆದುಕೊಂಡು ಬರುತ್ತಿದೆ. ಎರಡನೆಯ ಅರ್ಥದ ಅಭ್ಯಾಸ ಕ್ಷೀಣವಾಗಿದೆ. ಪರೀಕ್ಷೆಗೆ ಮುಂಚಿನ ತಿಂಗಳಿನಲ್ಲಿ ಹಗಲಿರುಳು ಓದುವ ವಿದ್ಯಾರ್ಥಿ, ಪರೀಕ್ಷೆ ಮುಗಿದ ಮರುದಿನ ಪುಸ್ತಕವನ್ನು ಕಟ್ಟಿಡುತ್ತಾನೆ. ಪದವಿ ಪಡೆದು ಅಧ್ಯಾಪಕನಾದವನೂ ಪಾಠಕ್ಕೆ ಬೇಕಾದಷ್ಟನ್ನು ಮಾತ್ರವೇ ಓದುವುದು ಅಪರೂಪವಲ್ಲ. ಹಳಗನ್ನಡ ನಡುಗನ್ನಡ ಕಾವ್ಯಗಳನ್ನು ಮೂಲದಲ್ಲಿ ಓದಬಲ್ಲವರಲ್ಲಿ ಬಹುಮಂದಿ ಇಂದು ಕಾಲೇಜುಗಳಲ್ಲಿ ತಯಾರಾದವರೇ ಆಗಿರುವುದರಿಂದ, ಇದು ಕೇವಲ ವ್ಯಕ್ತಿಗಳ ಸ್ವಂತ ಸಂಗತಿಯೆಂದು ಬಿಟ್ಟುಬಿಡುವಂತಹದಲ್ಲ. ಅವರು ಓದುವುದನ್ನು ನಿಲ್ಲಿಸಿದರೆ ಆ ಕಾವ್ಯಗಳಿಗೆ ಉಳಿಯುವ ಓದುಗರು ಯಾರು?

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು: ರುಚಿಯಿಲ್ಲ, ಇಲ್ಲವೆ ಮನೋದಾರ್ಢ್ಯವಿಲ್ಲ. ಈಚೆಗೆ ಮೊಬೈಲು ಮೂರನೆಯ ಕಾರಣವಾಗಿ ಸೇರಿಕೊಂಡಿದೆ. ಈ ಮೂರರಲ್ಲಿಯೂ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನಿತ್ಯವಾಚನ ಎಂಬುದು ಎಂದೂ ಕೇವಲ ರುಚಿಯ ಬಲದಿಂದಲೋ ಮನಸ್ಸಿನ ಬಲದಿಂದಲೋ ನಡೆದುದಲ್ಲ. ಅದಕ್ಕೆ ಹೊರಗಿನ ಆಧಾರಗಳಿದ್ದವು. ಆ ಆಧಾರಗಳು ಯಾವುವು, ಅವು ಹೇಗೆ ಕಳಚಿಹೋದವು, ಅವನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸಹೊರಟಿದ್ದೇವೆ.

ನಮ್ಮ ದೇಶದಲ್ಲಿ ದಿನದಿನದ ಓದನ್ನು ಕುರಿತು ಅತಿ ಸೂಕ್ಷ್ಮವಾಗಿ ಯೋಚಿಸಿದ ಪ್ರಾಚೀನ ಗ್ರಂಥಗಳಲ್ಲಿ ತೈತ್ತಿರೀಯ ಆರಣ್ಯಕ ಒಂದು. ಅದರ ಎರಡನೆಯ ಪ್ರಪಾಠಕದಲ್ಲಿ ಸ್ವಾಧ್ಯಾಯದ ವಿಚಾರ ಬರುತ್ತದೆ. ಗುರುವಿನ ಬಳಿ ಹೊಸದಾಗಿ ಕಲಿಯುವುದು ಬೇರೆ, ಕಲಿತುದನ್ನು ತಾನಾಗಿ ನಿತ್ಯವೂ ಹೇಳಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಅನಧ್ಯಯನದ ದಿನಗಳು ಹೇರಳವಾಗಿದ್ದವು. ಪಾಡ್ಯ, ಅಷ್ಟಮಿ, ಚತುರ್ದಶಿ ಎಂದು ಪಾಠಶಾಲೆಗಳಲ್ಲಿ ರಜೆ ಕೊಡುತ್ತಿದ್ದುದು ಹಳಬರಿಗೆಲ್ಲ ತಿಳಿದ ವಿಷಯ. ಎರಡನೆಯದಕ್ಕಾದರೋ ಆರಣ್ಯಕವು ಎರಡೇ ಅನಧ್ಯಾಯಗಳನ್ನು ಒಪ್ಪುತ್ತದೆ: ಓದುವವನು ಅಶುಚಿಯಾಗಿದ್ದಾಗ, ಓದುವ ಸ್ಥಳ ಅಶುಚಿಯಾಗಿದ್ದಾಗ. ಇಷ್ಟು ಬಿಗಿಯಾದ ಈ ವಿಧಿ ಪ್ರಮಾಣದ ವಿಚಾರಕ್ಕೆ ಬಂದಾಗ ಆಶ್ಚರ್ಯವಾಗುವಷ್ಟು ಸಡಿಲವಾಗುತ್ತದೆ. ಒಂದೇ ಒಂದು ಋಕ್ಕನ್ನೋ ಯಜುಸ್ಸನ್ನೋ ಸಾಮವನ್ನೋ ಹೇಳಿಕೊಂಡರೂ ಆ ದಿನದ ಬ್ರಹ್ಮಯಜ್ಞ ಪೂರ್ಣವಾಯಿತೆಂದು ಅದರ ಮತ. ನಿಂತು, ಕುಳಿತು, ಮಲಗಿ ಹೇಗಾದರೂ ಆಗಬಹುದು. ಊರೊಳಗಿದ್ದರೆ ಮನಸ್ಸಿನಲ್ಲಿಯೇ ಆದರೂ ಸಾಕು. ದಿನ ತಪ್ಪಕೂಡದು, ಅಳತೆ ಎಷ್ಟು ಕಿರಿದಾದರೂ ಚಿಂತೆಯಿಲ್ಲ ಎಂಬ ಈ ನಿಲುವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. (ಈ ಸ್ವಾಧ್ಯಾಯದ ಬಾಗಿಲು ಸಮಾಜದ ಬಹುಭಾಗಕ್ಕೆ ಮುಚ್ಚಿತ್ತೆಂಬುದನ್ನೂ ಮರೆಯಲಾಗದು. ಕನ್ನಡನಾಡಿನಲ್ಲಿ ಆ ಬಾಗಿಲನ್ನು ತೆರೆದ ಕೀರ್ತಿ ವಚನಕಾರರಿಗೂ ದೇಸಿಯಲ್ಲಿ ಕಾವ್ಯ ಬರೆದವರಿಗೂ ಸಲ್ಲಬೇಕು.)

ಜೈನಧರ್ಮದಲ್ಲಿಯೂ ಗೃಹಸ್ಥನ ನಿತ್ಯದ ಆರು ಕರ್ತವ್ಯಗಳಲ್ಲಿ ಸ್ವಾಧ್ಯಾಯ ಒಂದು. ದೇವಪೂಜೆ, ಗುರೂಪಾಸ್ತಿ, ಸಂಯಮ, ತಪಸ್ಸು, ದಾನಗಳ ಜೊತೆಗೆ ಅದನ್ನೂ ಎಣಿಸಿದ್ದಾರೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಸಾಹಿತ್ಯಚರಿತ್ರೆಯಲ್ಲಿ ನಾವೆಲ್ಲರೂ ಅವಳ ಔದಾರ್ಯದ ನಿದರ್ಶನವಾಗಿ ಪಾಠ ಹೇಳುತ್ತೇವೆ. ಅದರ ಇನ್ನೊಂದು ಮುಖವನ್ನು ಗಮನಿಸುವುದು ಕಡಮೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಗಳಿಗೆ ಅರ್ಥವಿರಬೇಕಾದರೆ, ಅವನ್ನು ಇಟ್ಟು ಪೂಜಿಸುವವರಷ್ಟೇ ಅಲ್ಲದೆ ಬಿಚ್ಚಿ ಓದುವ, ಓದಿಸಿ ಕೇಳುವ ನೆಲೆಗಳೂ ನಾಡಿನಲ್ಲಿ ಇದ್ದಿರಬೇಕಲ್ಲವೆ?

ಇಲ್ಲಿ 'ಓದು' ಎಂಬ ಕ್ರಿಯೆಯ ಸ್ವರೂಪವನ್ನೇ ಸ್ವಲ್ಪ ವಿಚಾರಿಸಬೇಕಾಗುತ್ತದೆ. 'ಪಠನ' ಶಬ್ದದ ಮೂಲವಾದ ಪಠ್ ಧಾತುವಿಗೆ ಧಾತುಪಾಠವು ಹೇಳುವ ಅರ್ಥ ಸ್ಪಷ್ಟವಾದ ಮಾತು ಎಂದು. 'ವಾಚನ' ಎಂಬುದಂತೂ ವಾಕ್ಕಿಗೆ ಸಂಬಂಧಿಸಿದುದೇ. ನಮ್ಮ ಹಿರಿಯರ ಮಟ್ಟಿಗೆ ಓದುವುದೆಂದರೆ ಧ್ವನಿಗೂಡಿಸಿ ಓದುವುದು. ಧ್ವನಿಯಿದ್ದ ಕಡೆ ಕೇಳುವವರೂ ಇರುವುದು ಸಹಜವಷ್ಟೆ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ ಮೊದಲಾದ ಷಟ್ಪದಿ ಕಾವ್ಯಗಳು ನಾಡಿನಲ್ಲಿ ಜೀವಂತವಾಗಿ ಉಳಿದುದು ಬಹುಮಟ್ಟಿಗೆ ಈ ರೀತಿಯ ಓದಿನಿಂದ.

ಮಳೆಗಾಲದಲ್ಲಿ ಹೊಲದ ಕೆಲಸ ಹಗುರವಾದಾಗ, ರಾತ್ರಿಯ ಊಟ ತೀರಿಸಿಕೊಂಡು, ಊರಿನ ದೊಡ್ಡ ಮನೆಯ ಪಡಸಾಲೆಯಲ್ಲೋ ಗುಡಿಯ ಜಗಲಿಯಲ್ಲೋ ಜನ ನೆರೆಯುತ್ತಿದ್ದರು. ದೀಪದ ಮುಂದೆ ವ್ಯಾಸಪೀಠ. ಅದರ ಮೇಲೆ ಗ್ರಂಥ. ಒಬ್ಬರು ರಾಗವಾಗಿ ಪದ್ಯವನ್ನು ಓದುವರು. ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುವರು. ಗಂಡಸರು ಎದುರಿಗೆ, ಹೆಂಗಸರು ಒಳಬಾಗಿಲ ಬಳಿ, ಮಕ್ಕಳು ಎಲ್ಲೆಂದರಲ್ಲಿ. ಕೇಳುವವರಲ್ಲಿ ಅಕ್ಷರ ಬಾರದವರೇ ಹೆಚ್ಚಾಗಿದ್ದರೂ ಹತ್ತಾರು ಮಳೆಗಾಲ ಕೇಳಿದ ಮೇಲೆ ಅವರಿಗೆ ಪದ್ಯಗಳು ಬಾಯಿಗೆ ಬಂದಿರುತ್ತಿದ್ದವು. ಓದುವವನು ಒಂದು ಮಾತನ್ನು ತಪ್ಪಿದರೆ ಮೂಲೆಯಿಂದ ತಿದ್ದುವ ಮುದುಕರೂ ಇರುತ್ತಿದ್ದರು. ಉತ್ತರ ಕರ್ನಾಟಕದ ಮಠಗಳಲ್ಲಿ ಶ್ರಾವಣಮಾಸದುದ್ದಕ್ಕೂ ಪುರಾಣ ಹಚ್ಚುವ ಸಂಪ್ರದಾಯ ಇಂದಿಗೂ ಇದೆ. ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯಂತಹ ಗ್ರಾಮಗಳಲ್ಲಿ ಗಮಕ ಉಳಿದು ಬಂದಿದೆ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಈ ಚಿತ್ರವನ್ನು ನಾವು ವರ್ಣಿಸಿದುದು ಹಳೆಯ ಕಾಲದ ಮೇಲಿನ ಮೋಹದಿಂದಲ್ಲ. ಅಲ್ಲಿ ಓದು ತಪ್ಪದೆ ನಡೆಯಲು ಕಾರಣವಾದ ಏರ್ಪಾಡನ್ನು ಗಮನಿಸಬೇಕು. ಮೊದಲನೆಯದಾಗಿ, ಹೊತ್ತಿಗೊಂದು ಸೂಚನೆಯಿತ್ತು. ಗಡಿಯಾರವಿಲ್ಲದ ಮನೆಯಲ್ಲಿಯೂ ಊಟವಾಯಿತೆಂಬುದು ಎಲ್ಲರಿಗೂ ತಿಳಿಯುತ್ತದೆ. ಊಟವಾದ ಮೇಲೆ ಓದು. ಎರಡನೆಯದಾಗಿ, ದಿನಕ್ಕೊಂದು ಅಳತೆಯಿತ್ತು. ಇಂದು ಈ ಸಂಧಿ, ನಾಳೆ ಮುಂದಿನದು. ಭಾಗವತಕ್ಕೆ ಏಳು ದಿನಗಳ ಸಪ್ತಾಹ, ರಾಮಾಯಣಕ್ಕೆ ಒಂಬತ್ತು ದಿನಗಳ ಪಾರಾಯಣ ಎಂಬ ವಿಭಾಗಗಳೂ ಇದೇ ಬಗೆಯವು. ಅಶುಭಪ್ರಸಂಗದಲ್ಲಿ ಓದನ್ನು ನಿಲ್ಲಿಸದೆ ಶುಭಪ್ರಸಂಗದವರೆಗೆ ಎಳೆದುಕೊಂಡು ಹೋಗುವ ಪದ್ಧತಿಯೂ ಇತ್ತು. ಇದಕ್ಕೆ ಧಾರ್ಮಿಕ ಕಾರಣವೇನೇ ಇರಲಿ, ಎಲ್ಲಿ ನಿಲ್ಲಬೇಕೆಂಬುದನ್ನು ಓದುವವನ ದಣಿವಿಗೆ ಬಿಡುತ್ತಿರಲಿಲ್ಲ ಎಂಬುದು ನಮಗೆ ಮುಖ್ಯ. ಮೂರನೆಯದಾಗಿ, ಮತ್ತು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದುದಾಗಿ, ಕಾಯುವವರಿದ್ದರು. ಓದುವವನಿಗೆ ಆ ರಾತ್ರಿ ಬೇಸರವಿರಬಹುದು. ಆದರೆ ಹದಿನೈದು ಜನ ಬಂದು ಕುಳಿತಿರುವಾಗ ಬೇಸರಕ್ಕೆ ಬೆಲೆಯೆಷ್ಟು?

ಮುದ್ರಣ ಬಂದ ಮೇಲೆ ಈ ಏರ್ಪಾಡು ಕ್ರಮೇಣ ಸಡಿಲವಾಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮ್ಯೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು; 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು. ಪುಸ್ತಕ ಒಬ್ಬೊಬ್ಬರ ಕೈಗೂ ಬಂದಿತು; ಓದು ಮೌನವಾಯಿತು, ಏಕಾಂತವಾಯಿತು. ಇದರಿಂದಾದ ಲಾಭ ಅಲ್ಪವಲ್ಲ. ಒಳಬಾಗಿಲ ಬಳಿ ನಿಂತು ಕೇಳುತ್ತಿದ್ದ ಹೆಣ್ಣುಮಗಳು ತನಗೆ ಬೇಕಾದ ಪುಸ್ತಕವನ್ನು ತಾನೇ ಆರಿಸಿಕೊಂಡು, ವ್ಯಾಖ್ಯಾನಕಾರನ ಹಂಗಿಲ್ಲದೆ ತನಗೆ ತೋಚಿದ ಅರ್ಥವನ್ನು ಮಾಡಿಕೊಳ್ಳುವಂತಾದುದು ಈ ಮೌನವಾಚನದಿಂದಲೇ. ಆದರೆ ಮೌನವಾಗಿ ಒಬ್ಬರೇ ಓದುವವರಿಗೆ ಹೊತ್ತಿನ ಸೂಚನೆಯಿಲ್ಲ, ಅಳತೆಯಿಲ್ಲ, ಕಾಯುವವರಂತೂ ಇಲ್ಲವೇ ಇಲ್ಲ. ಮೂರು ಊರುಗೋಲುಗಳನ್ನು ಕಿತ್ತುಕೊಂಡು, 'ನಿನಗೆ ನಡೆಯುವ ಇಚ್ಛೆಯೇ ಇಲ್ಲ' ಎಂದು ದೂರುವುದು ನ್ಯಾಯವಲ್ಲ.

'ಓದಲು ಪುರಸತ್ತಿಲ್ಲ' ಎನ್ನುವ ಗೃಹಸ್ಥರೂ ದಿನಪತ್ರಿಕೆಯನ್ನು ತಪ್ಪದೆ ಓದುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಪತ್ರಿಕೆಯ ಮೇಲೆ ಅವರಿಗೆ ಕಾವ್ಯಕ್ಕಿಂತ ಮಿಗಿಲಾದ ಪ್ರೀತಿಯಿತ್ತೆಂದು ಹೇಳಬೇಕಾಗಿಲ್ಲ. ಅದು ಬೆಳಗಿನ ಗೊತ್ತಾದ ಹೊತ್ತಿಗೆ ಬಾಗಿಲಿಗೆ ಬಂದು ಬೀಳುತ್ತಿತ್ತು. ಅದರ ಪುಟಗಳಿಗೆ ಮಿತಿಯಿತ್ತು. ಅದನ್ನು ಓದದೆ ಹೊರಗೆ ಹೋದರೆ ನಾಲ್ಕು ಜನರ ಮಾತಿನಲ್ಲಿ ಸೇರಲಾಗುತ್ತಿರಲಿಲ್ಲ. ಅಂದರೆ ಹೊತ್ತು, ಅಳತೆ, ಜೊತೆ ಈ ಮೂರೂ ಅದಕ್ಕೆ ಒದಗಿದ್ದವು. ಪರೀಕ್ಷೆಯೂ ಒಂದು ಆಧಾರವೇ, ಆದರೆ ಬಹಳ ಕೆಟ್ಟ ಆಧಾರ: ಅದು ವರ್ಷಕ್ಕೆ ಒಂದೆರಡು ಸಲ ಬಂದು ಹೋಗುವುದರಿಂದ, ನಿತ್ಯದ ಕೆಲಸವನ್ನು ಎತ್ತಿ ನಿಲ್ಲಿಸಲಾರದು.

ಮನಶ್ಶಾಸ್ತ್ರಜ್ಞರು ಈ ವಿಷಯದಲ್ಲಿ ಹೇಳುವುದೂ ನಮ್ಮ ಊಹೆಗೆ ಬಹುಮಟ್ಟಿಗೆ ಹೊಂದುತ್ತದೆ. ಅಮೆರಿಕೆಯ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಹೆಬ್ಬೊತ್ತಿಗೆಯಲ್ಲಿ ಅಭ್ಯಾಸಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ದಿನದಿನದ ಸಣ್ಣ ಕೆಲಸಗಳನ್ನು ನಿರ್ಧಾರದ ಹೊರೆಯಿಂದ ತಪ್ಪಿಸಿ ಅಭ್ಯಾಸದ ವಶಕ್ಕೆ ಒಪ್ಪಿಸಿದಷ್ಟೂ ಮನಸ್ಸಿನ ಮೇಲ್ಮಟ್ಟದ ಶಕ್ತಿಗಳು ತಮ್ಮ ಕೆಲಸಕ್ಕೆ ಬಿಡುವಾಗುತ್ತವೆ ಎಂಬುದು ಅವನ ಅಭಿಪ್ರಾಯ. 1999ರಲ್ಲಿ ಪೀಟರ್ ಗೋಲ್‌ವಿಟ್ಸರ್ ಎಂಬ ವಿದ್ವಾಂಸರು ಇನ್ನೊಂದು ಅಂಶವನ್ನು ವಿಶದಪಡಿಸಿದರು: 'ಓದುತ್ತೇನೆ' ಎಂಬ ಬರಿಯ ಸಂಕಲ್ಪಕ್ಕಿಂತ 'ಇಂತಹ ಸಂದರ್ಭ ಒದಗಿದಾಗ ಇಂತಹ ಕೆಲಸ ಮಾಡುತ್ತೇನೆ' ಎಂಬ, ಸಂದರ್ಭಕ್ಕೆ ಗಂಟುಹಾಕಿದ ಸಂಕಲ್ಪ ಹೆಚ್ಚಾಗಿ ಈಡೇರುತ್ತದೆ. ಊಟವಾದ ಮೇಲೆ ಭಾರತ ಎಂಬ ನಮ್ಮ ಹಳ್ಳಿಯ ಕ್ರಮ ಇದೇ ಅಲ್ಲವೆ?

ಎಷ್ಟು ದಿನ ಮಾಡಿದರೆ ಒಂದು ಕೆಲಸ ಅಭ್ಯಾಸವಾಗುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತೊಂದು ದಿನ ಎಂಬ ಉತ್ತರ ಜನಜನಿತವಾಗಿದೆ. ಇದನ್ನು ನಂಬಬೇಕಾದುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನಗಳ ಕಾಲ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕ್ರಿಯೆ ತಾನಾಗಿ ನಡೆಯುವ ಮಟ್ಟವನ್ನು ಮುಟ್ಟಲು ಬೇಕಾದ ಕಾಲ ವ್ಯಕ್ತಿಯಿಂದ ವ್ಯಕ್ತಿಗೆ 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗಿತ್ತು. ಮಧ್ಯಮ ಬೆಲೆ 66 ದಿನ. (254 ಎಂಬುದು ಪರಿಶೀಲನೆಯ ಅವಧಿಯನ್ನೇ ಮೀರಿದ ಸಂಖ್ಯೆ, ಗಣಿತದಿಂದ ಮುಂದಕ್ಕೆ ಎಳೆದು ಪಡೆದುದು.) ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲವೆಂಬುದೂ ಅಲ್ಲಿ ಕಂಡುಬಂದಿತು. ಆದರೆ ಅವರು ಪರಿಶೀಲಿಸಿದುದು ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು ಮುಂತಾದ ಕ್ರಿಯೆಗಳನ್ನು, ಓದನ್ನಲ್ಲ. ಸರಳವಾದ ಕ್ರಿಯೆಗಳಿಗಿಂತ ವ್ಯಾಯಾಮದಂತಹವು ಅಭ್ಯಾಸವಾಗಲು ಹೆಚ್ಚು ಕಾಲ ಹಿಡಿಯಿತು. ಓದು ನೀರು ಕುಡಿಯುವುದಕ್ಕಿಂತ ವ್ಯಾಯಾಮಕ್ಕೇ ಹತ್ತಿರವೆಂದು ನಾವು ಭಾವಿಸುತ್ತೇವೆ. ಆದಕಾರಣ ಒಂದು ತಿಂಗಳು ಯತ್ನಿಸಿ 'ನನ್ನಿಂದಾಗದು' ಎಂದು ಕೈಬಿಡುವ ವಿದ್ಯಾರ್ಥಿ ಬಹಳ ಬೇಗ ನಿರ್ಣಯಕ್ಕೆ ಬಂದವನು.

ಇನ್ನು ಇದನ್ನೆಲ್ಲ ಕಾರ್ಯರೂಪಕ್ಕೆ ತರುವ ಬಗೆ. ಅಳತೆಯನ್ನು ಗಂಟೆಯ ಲೆಕ್ಕದಲ್ಲಿ ಹಿಡಿಯುವುದಕ್ಕಿಂತ ಗ್ರಂಥದ ಲೆಕ್ಕದಲ್ಲಿ ಹಿಡಿಯುವುದು ಮೇಲು. 'ದಿನಕ್ಕೆ ಒಂದು ಗಂಟೆ' ಎಂದುಕೊಂಡವನ ಕಣ್ಣು ಗಡಿಯಾರದ ಮೇಲೆ. 'ದಿನಕ್ಕೆ ಅರ್ಧ ಸಂಧಿ' ಎಂದುಕೊಂಡವನ ಕಣ್ಣು ಕಾವ್ಯದ ಮೇಲೆ. ಕುಮಾರವ್ಯಾಸನ ಭಾರತದಲ್ಲಿ ಎಂಟು ಸಾವಿರಕ್ಕೂ ಮೀರಿದ ಷಟ್ಪದಿಗಳಿವೆ. ಇದನ್ನು ಕೇಳಿಯೇ ಎಂ.ಎ. ತರಗತಿಯ ವಿದ್ಯಾರ್ಥಿ ಹಿಂಜರಿಯುತ್ತಾನೆ. ಗೊತ್ತುಮಾಡಿದ ಸಂಧಿಗಳನ್ನಷ್ಟು ಓದಿ ಮಿಕ್ಕುದನ್ನು ವಿಮರ್ಶೆಯ ಪುಸ್ತಕಗಳಿಂದ ತಿಳಿದುಕೊಳ್ಳುತ್ತಾನೆ. ಆದರೆ ದಿನಕ್ಕೆ 25 ಪದ್ಯಗಳಂತೆ ಓದಿದರೆ ಇಡೀ ಕಾವ್ಯ ಒಂದು ವರ್ಷದೊಳಗೆ ಮುಗಿಯುತ್ತದೆ. ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿರುವುದು 102 ಮಾತ್ರೆಗಳು. ಒಂದು ಪದ್ಯಕ್ಕೆ ಒಂದು ನಿಮಿಷವೆಂದು ನಿಧಾನವಾಗಿಯೇ ಲೆಕ್ಕ ಹಿಡಿದರೂ ಅರ್ಧ ಗಂಟೆಯೊಳಗಿನ ಮಾತು. ಹೊಸದಾಗಿ ತೊಡಗುವವರಿಗೆ ಇದೂ ಹೆಚ್ಚೆಂದು ತೋರಿದರೆ ಜೈಮಿನಿ ಭಾರತವನ್ನು ನಾವು ಸೂಚಿಸುತ್ತೇವೆ. ಅದರಲ್ಲಿರುವುದು 34 ಸಂಧಿಗಳು. ಎರಡು ದಿನಕ್ಕೊಂದು ಸಂಧಿಯಂತೆ 68 ದಿನ. ಮೇಲೆ ಹೇಳಿದ 66 ದಿನಗಳಿಗೆ ಇದು ಹತ್ತಿರವಾಗಿರುವುದು ಕಾಕತಾಳೀಯವಾದರೂ ವಿದ್ಯಾರ್ಥಿಗಳಿಗೆ ಹೇಳಲು ಚೆನ್ನಾಗಿದೆ. ಷಟ್ಪದಿಯ ಭಾಷೆ ತೊಡಕೆನ್ನುವವರು ಎ. ಆರ್. ಕೃಷ್ಣಶಾಸ್ತ್ರಿಗಳ 'ವಚನ ಭಾರತ'ದಿಂದ ಆರಂಭಿಸಬಹುದು. ಗದ್ಯವಾದರೆ ದಿನಕ್ಕೆ ಹತ್ತು ಪುಟ; ವರ್ಷಕ್ಕೆ 3,650 ಪುಟಗಳಾದುವು. ಕಾಯಿಲೆ, ಪ್ರಯಾಣ, ಮದುವೆ ಮನೆಗಳ ದಿನಕ್ಕೆ ಆರಣ್ಯಕದ ಒಂದು ಋಕ್ಕಿನ ಸೂತ್ರವನ್ನು ಅನುಸರಿಸುವುದು ಒಳ್ಳೆಯದು: ಒಂದು ಪದ್ಯ, ಒಂದು ಪುಟ. ಅದರಿಂದ ಜ್ಞಾನ ಹೆಚ್ಚದಿರಬಹುದು, ಎಳೆ ಕಡಿಯುವುದಿಲ್ಲ.

ಹೊತ್ತಿನ ಸೂಚನೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ದಿನವೂ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸದ ಬೆನ್ನಿಗೆ ಓದನ್ನು ಕಟ್ಟಬೇಕು. ಕಾಫಿಯೋ ಸ್ನಾನವೋ ದಿನದ ಬಸ್ಸಿನ ಪ್ರಯಾಣವೋ ಆಗಬಹುದು. ವ್ಯಾಸಪೀಠದ ಉಪಯೋಗವನ್ನು ಮಾತ್ರ ಇಲ್ಲಿ ನೆನೆಯುತ್ತೇವೆ. ಅದರ ಮೇಲೆ ಗ್ರಂಥ ಕಣ್ಣಿಗೆ ಕಾಣುವಂತೆ ಕುಳಿತಿರುತ್ತಿತ್ತು. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಯಾರನ್ನೂ ಕರೆಯಲಾರದು. ಮೇಜಿನ ಮೇಲೆ ನಿನ್ನೆಯ ಪುಟಕ್ಕೆ ಗುರುತಿಟ್ಟ ಪುಸ್ತಕ ಕರೆಯುತ್ತದೆ. ಮೊಬೈಲು ಅದಕ್ಕಿಂತ ಗಟ್ಟಿಯಾಗಿ ಕರೆಯುತ್ತದೆಂಬುದು ನಿಜ. ಆದುದರಿಂದ ಆ ಅರ್ಧ ಗಂಟೆ ಅದು ಬೇರೆ ಕೋಣೆಯಲ್ಲಿರುವುದು ಕ್ಷೇಮ. ಎದುರಿಗಿಟ್ಟುಕೊಂಡು ಮನಸ್ಸನ್ನು ನಿಗ್ರಹಿಸುತ್ತೇನೆಂಬುದು ವ್ಯರ್ಥವಾದ ಸಾಹಸ.

ಜೊತೆಯ ವಿಚಾರವೇ ಕಾಲೇಜುಗಳಿಗೆ ವಿಶೇಷವಾಗಿ ಸಂಬಂಧಪಟ್ಟುದು. ಏಕೆಂದರೆ ಒಬ್ಬ ವಿದ್ಯಾರ್ಥಿ ಮನೆಯಲ್ಲಿ ತಾನೇ ಒದಗಿಸಿಕೊಳ್ಳಲಾಗದ ಆಧಾರ ಅದು. ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯಲ್ಲಿ ಅಧ್ಯಯನ ಗೋಷ್ಠಿಗಳನ್ನು ನಡೆಸುತ್ತಿದ್ದರು. ಗ್ರಂಥವೊಂದನ್ನು ಹಲವರು ಕೂಡಿ ಓದುವ ಈ ಕ್ರಮಕ್ಕೆ ಕಟ್ಟಡವಾಗಲಿ ಅನುದಾನವಾಗಲಿ ಅನಿವಾರ್ಯವಲ್ಲ, ಇಬ್ಬರಿದ್ದರೆ ಸಾಕು. ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಇಬ್ಬರು ರಾತ್ರಿ ಊಟವಾದ ಮೇಲೆ ಸರದಿಯಂತೆ ಒಬ್ಬರಿಗೊಬ್ಬರು ಇಪ್ಪತ್ತೈದು ಪದ್ಯ ಓದಿ ಹೇಳಿದರೆ ಪಡಸಾಲೆಯ ಓದಿನ ಮುಖ್ಯಾಂಶವೆಲ್ಲ ಅಲ್ಲಿ ಮರಳಿ ಬಂದಂತಾಯಿತು. ಗಟ್ಟಿಯಾಗಿ ಓದುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕಾಲಿನ್ ಮ್ಯಾಕ್ಲೌಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೌನವಾಗಿ ಓದಿದ ಪದಗಳಿಗಿಂತ ಬಾಯಿಬಿಟ್ಟು ಓದಿದ ಪದಗಳು ಹೆಚ್ಚಾಗಿ ನೆನಪಿನಲ್ಲಿ ನಿಂತವು. ಎರಡು ರೀತಿಯ ಓದನ್ನೂ ಬೆರಸಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆದಕಾರಣ ಎಲ್ಲವನ್ನೂ ಗಟ್ಟಿಯಾಗಿ ಓದಬೇಕೆಂದಲ್ಲ, ನೆನಪಿನಲ್ಲಿ ಉಳಿಯಬೇಕಾದುದನ್ನು ಗಟ್ಟಿಯಾಗಿ ಓದಬೇಕು. ಅಧ್ಯಾಪಕರು ತರಗತಿಯ ಮೊದಲ ಐದು ನಿಮಿಷಗಳಲ್ಲಿ ಪಠ್ಯಕ್ಕೆ ಸೇರದ ಯಾವುದಾದರೊಂದು ಕೃತಿಯಿಂದ ಒಂದು ಪುಟವನ್ನು, ವ್ಯಾಖ್ಯಾನವಿಲ್ಲದೆ, ಅಂಕಗಳ ಪ್ರಸ್ತಾಪವಿಲ್ಲದೆ ಓದಿ ನಿಲ್ಲಿಸಿದರೆ, ಮುಂದಿನ ಪುಟಕ್ಕಾಗಿ ಗ್ರಂಥಾಲಯಕ್ಕೆ ಹೋಗುವವರು ನಾಲ್ವರಾದರೂ ಸಿಕ್ಕಾರು. ಅಧ್ಯಾಪಕರಿಗೇ ಇದರಿಂದ ಹೆಚ್ಚಿನ ಲಾಭವೆಂದು ನಮ್ಮ ಎಣಿಕೆ. ನಾಳೆ ಓದಿ ಹೇಳಬೇಕಾದವರು ಇಂದು ಓದಲೇಬೇಕಾಗುತ್ತದೆ.

ಹೀಗೆ ದಿನವೂ ಅಳತೆ ಮಾಡಿ ಓದುವುದು ಯಾಂತ್ರಿಕವಾಗುವುದಿಲ್ಲವೆ ಎಂಬ ಆಕ್ಷೇಪ ಬರುವುದು ಸಹಜ. ಅರ್ಥವರಿಯದ ಪಾರಾಯಣವನ್ನು ಕಂಡವರು ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರರು. ಯೋಗಸೂತ್ರಗಳಲ್ಲಿ ಪತಂಜಲಿಯು ಅಭ್ಯಾಸ ಗಟ್ಟಿಯಾಗಲು ದೀರ್ಘಕಾಲ, ನೈರಂತರ್ಯ ಎಂಬ ಎರಡರ ಜೊತೆಗೆ ಸತ್ಕಾರವನ್ನೂ ಸೇರಿಸಿದ್ದಾನೆ. ಮೊದಲೆರಡನ್ನು ಏರ್ಪಾಡಿನಿಂದ ಸಾಧಿಸಬಹುದು; ಮೂರನೆಯದಾದ ಆದರವನ್ನು ಏರ್ಪಾಡು ಹುಟ್ಟಿಸಲಾರದು, ಅದಕ್ಕೆ ಎಡೆ ಮಾಡಿಕೊಡಬಲ್ಲುದು ಅಷ್ಟೆ. ದಿನದ ಓದು ಮುಗಿದ ಮೇಲೆ ಒಂದು ಟಿಪ್ಪಣಿಯ ಪುಸ್ತಕದಲ್ಲಿ ಒಂದೇ ವಾಕ್ಯವನ್ನು, ತಿಳಿಯದ ಒಂದು ಶಬ್ದವನ್ನೋ ಮೆಚ್ಚಿದ ಒಂದು ಹೋಲಿಕೆಯನ್ನೋ ಕುರಿತು, ಬರೆದಿಟ್ಟರೆ ಕಣ್ಣು ಮಾತ್ರ ಓಡಿ ಮನಸ್ಸು ಹಿಂದುಳಿಯುವುದು ತಕ್ಕಮಟ್ಟಿಗೆ ತಪ್ಪುತ್ತದೆ. ಇನ್ನು ಸಂಶೋಧನೆಗಾಗಿ ಮಾಡುವ ಓದು ಬೇರೆಯೇ ಬಗೆಯದು. ಅಲ್ಲಿ ಒಂದು ಪಾಠಾಂತರಕ್ಕೆ ಮೂರು ದಿನ ಹಿಡಿಯಬಹುದು, ಹತ್ತು ಗ್ರಂಥಗಳನ್ನು ಒಂದು ಮಧ್ಯಾಹ್ನದಲ್ಲಿ ತಿರುವಿಹಾಕಬೇಕಾಗಬಹುದು. ಅದನ್ನು ಈ ಲೆಕ್ಕಕ್ಕೆ ತರಕೂಡದು.

ಕಡೆಯದಾಗಿ ರಜೆಯ ಪ್ರಶ್ನೆಯೊಂದಿದೆ. ಕಾಲೇಜಿನ ವೇಳಾಪಟ್ಟಿಗೆ, ಅಲ್ಲಿನ ಗ್ರಂಥಾಲಯದ ಹೊತ್ತಿಗೆ, ವಿದ್ಯಾರ್ಥಿನಿಲಯದ ಜೊತೆಗಾರನಿಗೆ ಕಟ್ಟಿದ ಓದು ಬೇಸಿಗೆಯ ರಜೆ ಬಂದೊಡನೆ ಬಿಚ್ಚಿಹೋಗುತ್ತದೆ. ಜೂನ್‌ನಲ್ಲಿ ಬೆಳೆದ ಅಭ್ಯಾಸ ಏಪ್ರಿಲ್‌ನಲ್ಲಿ ಮುರಿಯುತ್ತದೆ. ಆದುದರಿಂದ ರಜೆಗೆ ಎರಡು ವಾರ ಮುಂಚಿತವಾಗಿಯೇ ವಿದ್ಯಾರ್ಥಿ ತನ್ನ ಓದಿನ ಸೂಚನೆಯನ್ನು ಊರಿನ ಮನೆಯಲ್ಲಿಯೂ ಇರುವಂತಹ ಒಂದು ಕೆಲಸಕ್ಕೆ ವರ್ಗಾಯಿಸಿಕೊಳ್ಳಬೇಕು. ಪುಸ್ತಕಗಳನ್ನು ಎರವಲು ಕೊಡುವ ನಿಯಮಗಳು ರಜೆಯಲ್ಲಿ ಬಿಗಿಯಾಗುವ ಬದಲು ಸಡಿಲವಾಗಬೇಕು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆಂಬ ಹೆಸರಿನಿಂದ ಈಚೆಗೆ ಹೊಸ ರೂಪ ಪಡೆಯುತ್ತಿರುವುದರಿಂದ, ರಜೆಗೆ ಊರಿಗೆ ಬಂದ ಪದವಿ ತರಗತಿಯ ವಿದ್ಯಾರ್ಥಿ ಅಲ್ಲಿ ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಒಂದು ಕಥೆಯನ್ನೋ ಒಂದು ಸಂಧಿಯನ್ನೋ ಓದಿ ಹೇಳಬಹುದು. ಮರುದಿನ ಅದೇ ಹೊತ್ತಿಗೆ ಆ ಮಕ್ಕಳು ಬಂದು ಕಾಯುತ್ತಾರೆ.